ಕೆಂಪು ಸ್ವಿಚ್ಚಿಗೆ ಅರ್ಧ ಉತ್ತರ

ನಮ್ಮಪ್ಪನ ಕೈಗೆ ಅರಿಸಿನದ ಕೊಂಬು ಸಿಕ್ಕರೆ ಮೊದಲು ಅದನ್ನು ಲಟಕ್ಕನೆ ಮುರಿಯುತ್ತಿದ್ದ. ಮುರಿದ ಸದ್ದು ಕೇಳಬೇಕು, ಒಳಗಿನ ಬಣ್ಣ ನೋಡಬೇಕು, ಆಮೇಲೆ ಮಾತು. ಹೊರಗಿನ ಹೊಳಪು ನೋಡಿ ಅರಿಸಿನ ಮೆಚ್ಚಿಕೊಳ್ಳುವವರನ್ನು ಕಂಡರೆ ಅವನಿಗೆ ಅಯ್ಯೋ ಅನ್ನಿಸುತ್ತಿತ್ತು. ಭೀಮನಬೀಡಿನ ನಮ್ಮ ಮನೆಗೆ ಬಂದ ನೆಂಟರ ಮಕ್ಕಳು ಆಟಕ್ಕೆಂದು ತಂದ ಬಳಪವನ್ನೂ ಅವನು ಒಮ್ಮೆ ಮುರಿದು ನೋಡಿ ಆ ಮಕ್ಕಳನ್ನು ಅಳಿಸಿದ್ದುಂಟು.

ಚಾಮರಾಜನಗರದಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿ ಇಟ್ಟಿದ್ದ ಹುಡುಗನೊಬ್ಬನ ಕಡೆಯಿಂದ ನನಗೆ ಸಂಬಂಧ ಬಂದಾಗ ಅಪ್ಪನಿಗೆ ಇದೇ ತಾಪತ್ರಯವಾಯಿತು. ಜಾತಕ ಕೂಡಿತ್ತು. ಫೋಟೋ ಪರವಾಗಿಲ್ಲ ಅನ್ನುವ ಹಾಗಿತ್ತು. ಆದರೆ ಹುಡುಗನನ್ನು ಮುರಿದು ನೋಡುವುದು ಹೇಗೆ? ಮೂರು ದಿನ ಜಗಲಿಯ ಮೇಲೆ ಕೂತು ಯೋಚಿಸಿ ಕೊನೆಗೆ ದಾರಿ ಕಂಡುಕೊಂಡ.

"ಅಮ್ಮಿ, ಕಂಪ್ಯೂಟರ್ ಬೇಕು ಬೇಕು ಅಂತ ನನ್ ತಲ ತಿಂತಿದ್ಯಲ್ಲ, ಅದ್ನ ಆ ಉಡ್ಗನ್ ತಾವೇ ಮಾಡ್ಸನ. ಕೆಲ್ಸ ನೋಡ್ಬುಡನ. ಸರಿಯಾಗಿದ್ರ ಎಣ್ಣು ಕೊಡೋ ಮಾತು, ಇಲ್ದಿದ್ರ ಇಲ್ಲ" ಅಂದ.

ಇದು ಎರಡು ಸಾವಿರದ ಐದನೆಯ ಇಸವಿಯ ಆಸುಪಾಸಿನ ಮಾತು. ನಾನು ಆಗ ಗುಂಡ್ಲುಪೇಟೆಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಬೆಳಿಗ್ಗೆ ಟೈಪಿಂಗು, ಮಧ್ಯಾಹ್ನ ಇನ್ನೊಂದಿಷ್ಟು ಟೈಪಿಂಗು. ನಡುವೆ ಊಟದ ಹೊತ್ತಿನಲ್ಲಿ ಮಕ್ಕಳೆಲ್ಲ ಹೊರಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಕಾರ್ ರೇಸ್ ಆಡುತ್ತಿದ್ದೆ. ಸೀರೆ ಉಟ್ಟುಕೊಂಡು, ಒಂದು ಕೈಯಲ್ಲಿ ಮೊಸರನ್ನದ ಡಬ್ಬಿ, ಇನ್ನೊಂದು ಕೈ ಕೀಬೋರ್ಡಿನ ಮೇಲೆ. ಮಾಲೀಕರ ಬೈಕಿನ ಸದ್ದು ಬೀದಿಯ ತುದಿಯಲ್ಲಿ ಕೇಳಿಸುತ್ತಲೇ ಪರದೆಯ ಮೇಲೆ ಮತ್ತೆ ಅ, ಆ, ಇ, ಈ ಬರುತ್ತಿತ್ತು. ಅಲ್ಲಿನ ಮುದಿ ಮೆಷಿನ್ನುಗಳಲ್ಲಿ ನನ್ನ ಕಾರು ತಿರುವಿಗೆ ಬಂದಾಗಲೆಲ್ಲ ಬಿಕ್ಕುತ್ತಿತ್ತು. ಬಿಕ್ಕದೆ ಓಡುವ ಒಂದು ಮೆಷಿನ್ನು ನನಗೆ ಬೇಕಿತ್ತು, ಅಷ್ಟೇ. ಮನೆಯಲ್ಲಿ ಮಾತ್ರ ಅದು ಟೈಪಿಂಗಿಗೆ ಎಂದು ಹೇಳಿದ್ದೆ.

ಬೇಕಾದ ಭಾಗಗಳ ಪಟ್ಟಿಯನ್ನು ನಾನೇ ಬರೆದುಕೊಟ್ಟೆ. ಎರಡು ದಿನಕ್ಕೆ ನಮ್ಮ ಮನೆಯ ಫೋನು ಹೊಡೆದುಕೊಂಡಿತು. ಅಪ್ಪ ಎತ್ತಿಕೊಂಡ. ಪಕ್ಕದಲ್ಲೇ ನಿಂತಿದ್ದ ನನಗೂ ಆ ಕಡೆಯ ದನಿ ಕೇಳಿಸುತ್ತಿತ್ತು.

"ಸಾರ್, ಪಟ್ಟೀಲಿ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬರ್ದವ್ರೆ. ಗೇಮ್ ಆಡೋರಿಗೆ ಬೇಕಾಗೋದು ಅದು. ಮನೇಲಿ ಯಾರಾದ್ರೂ ಆಡ್ತಾರಾ?"

"ಚೆ ಚೆ, ಟೈಪಿಂಗ್‌ಗ" ಅಂದ ಅಪ್ಪ.

ಆ ಕಡೆ ಪಟ್ಟಿಯ ಹಾಳೆ ಮಗುಚಿದ ಸದ್ದಾಯಿತು. "ಆಗ್ಲಿ ಸಾರ್. ಇಷ್ಟ್ ದೊಡ್ಡ ಟೈಪಿಂಗ್‌ಗೆ ಗಟ್ಟಿ ಪವರ್ ಸಪ್ಲೈ ಬೇಕಾಯ್ತದೆ. ಟೆಸ್ಟ್ ಮಾಡಿ ಆರಿಸ್ಬೇಕು. ಭಾನುವಾರ ಬಂದ್ರೆ ನಿಮ್ಮೆದುರಿಗೇ ಮಾಡ್ತೀನಿ."

ಟೆಸ್ಟು ಎಂಬ ಮಾತು ಕೇಳಿದ್ದೇ ಅಪ್ಪನ ಮುಖ ಅರಳಿತು. ಭಾನುವಾರ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಚಾಮರಾಜನಗರದ ಬಸ್ಸು ಹತ್ತಿದ. ಮೆಷಿನ್ನಿನ ವಿಷಯ ಇವಳಿಗೆ ಗೊತ್ತು, ಅದಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ ಎಂದು ಅವ್ವನಿಗೆ ಹೇಳಿದ್ದ. ಅವ್ವ ನಂಬಿದ ಹಾಗೆ ಮಾಡಿ ನನ್ನ ತಲೆಗೆ ಎರಡು ಮೊಳ ಕನಕಾಂಬರ ಮುಡಿಸಿದಳು.

ಅಂಗಡಿ ಎಂದರೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ. ಮೊದಲು ಟೈಲರ್ ಅಂಗಡಿಯಾಗಿತ್ತಂತೆ. ಗೋಡೆಯ ಮೇಲೆ ಅಳತೆ ಬರೆದ ಪೆನ್ಸಿಲ್ಲಿನ ಗುರುತುಗಳು ಇನ್ನೂ ಇದ್ದವು. ಹುಡುಗ ಫೋಟೋಗಿಂತ ತೆಳ್ಳಗಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅದರ ಮೊದಲ ಗುಂಡಿಯನ್ನೂ ಬಿಡದೆ ಹಾಕಿಕೊಂಡಿದ್ದ. ನನ್ನನ್ನು ನೋಡಿದ್ದೇ ಕಣ್ಣನ್ನು ಮೇಜಿನ ಮೇಲಕ್ಕೆ ಹಾಕಿದವನು ಆಮೇಲೆ ಎತ್ತಲಿಲ್ಲ. ಮೇಜಿನ ಮೇಲೆ ಇಟ್ಟಿಗೆಯಷ್ಟು ದೊಡ್ಡ ಎರಡು ತಗಡಿನ ಡಬ್ಬಿಗಳಿದ್ದವು. ಅವೇ ಪವರ್ ಸಪ್ಲೈ. ಮನೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗುವಂತೆ ಇಳಿಸಿ ಕೊಡುವ ಡಬ್ಬಿ. ಒಂದೊಂದರಿಂದಲೂ ಬಣ್ಣಬಣ್ಣದ ವೈರುಗಳ ದೊಡ್ಡ ಗೊಂಚಲು ಹೊರಗೆ ಬಂದಿತ್ತು. ಪಕ್ಕದಲ್ಲಿ ಒಂದು ಹಲಗೆ, ಅದಕ್ಕೆ ಬಿಗಿದ ನಾಲ್ಕು ಟ್ರಾಕ್ಟರ್ ಹೆಡ್‌ಲೈಟ್ ಬಲ್ಬು.

"ಇದೇನಪ್ಪ, ಗದ್ದ ಉಳಕ್ಕ ಒಂಟಿದ್ದೀಯ?" ಅಂದ ಅಪ್ಪ.

"ಲೋಡು ಸಾರ್. ಖಾಲಿ ಇದ್ದಾಗ ಎಲ್ಲಾ ಸಪ್ಲೈನೂ ಒಳ್ಳೇವೇ. ಭಾರ ಬಿದ್ದಾಗ ಬಣ್ಣ ಗೊತ್ತಾಗೋದು."

ಬಣ್ಣ ಎಂಬ ಮಾತು ಕೇಳಿ ಅಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

ಕಂಪ್ಯೂಟರಿಗೆ ಸೇರಿಸದೆ ಸಪ್ಲೈಯನ್ನು ಓಡಿಸಬೇಕಾದರೆ ಗೊಂಚಲಿನ ಹಸಿರು ವೈರಿನ ತೂತಿಗೂ ಕಪ್ಪು ವೈರಿನ ತೂತಿಗೂ ಒಂದು ತಂತಿಯ ತುಂಡು ಸಿಕ್ಕಿಸಬೇಕು. ಹುಡುಗ ತನ್ನ ತುಂಡನ್ನು ಹುಡುಕಿದ. ಡ್ರಾಯರಿನಲ್ಲಿ ಹುಡುಕಿದ, ಮೇಜಿನ ಕೆಳಗೆ ಬಗ್ಗಿ ಹುಡುಕಿದ, ತನ್ನ ಜೇಬನ್ನೇ ಎರಡು ಸಲ ತಡಕಿದ. ಅವನ ಕಿವಿಗಳು ಕೆಂಪಾಗುತ್ತಿದ್ದವು. ನೋಡಲಾಗದೆ ನಾನು ತಲೆಯಿಂದ ಒಂದು ಹೇರ್‌ಪಿನ್ನು ಕಿತ್ತು ಮೇಜಿನ ಮೇಲಿಟ್ಟೆ. ಅವನು ಅದನ್ನು ಹಾಗೆಯೇ ಸಿಕ್ಕಿಸಿ ಸ್ವಿಚ್ಚು ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಡಬ್ಬಿಯ ಫ್ಯಾನು ಅಲುಗಲಿಲ್ಲ.

"ಪಿನ್ನಿನ ಮೇಲೆ ಬಣ್ಣ ಇರ್ತದೆ. ಕೆರೀಬೇಕು" ಅಂದೆ ನಾನು.

ಹುಡುಗ ಬ್ಲೇಡಿನಿಂದ ಎರಡೂ ತುದಿ ಕೆರೆದು ಸಿಕ್ಕಿಸಿದ. ಫ್ಯಾನು ಗುಯ್ಯೆಂದು ತಿರುಗಿತು. "ಸರಿ ಸಾರ್, ಬಣ್ಣ ಕೆರೀಬೇಕಿತ್ತು" ಎಂದು ಅಪ್ಪನಿಗೆ ಹೇಳಿದ. ಹೇಳಿದವಳು ನಾನು, ವರದಿ ಅಪ್ಪನಿಗೆ. ಮಧ್ಯಾಹ್ನದವರೆಗೂ ಇದೇ ನಡೆಯಿತು. ನಾನು ಏನು ಕೇಳಿದರೂ ಅವನು ಉತ್ತರವನ್ನು ಅಪ್ಪನ ಕಡೆಗೆ ತಿರುಗಿ ಒಪ್ಪಿಸುತ್ತಿದ್ದ. ಮದುವೆಗೆ ಮೊದಲು ಹುಡುಗಿಯ ಜೊತೆ ನೇರವಾಗಿ ಮಾತಾಡುವುದು ಮರ್ಯಾದೆಯಲ್ಲ ಎಂದು ಅವರ ದೊಡ್ಡಪ್ಪ ಹೇಳಿಕೊಟ್ಟಿದ್ದರಂತೆ. ಅಪ್ಪ ಗಂಭೀರವಾಗಿ ತಲೆಯಾಡಿಸಿ, ಒಂದಕ್ಷರ ಅರ್ಥವಾಗದಿದ್ದರೂ, ಉತ್ತರಗಳನ್ನೆಲ್ಲ ಸ್ವೀಕರಿಸುತ್ತಿದ್ದ.

ಮೊದಲ ಡಬ್ಬಿ ಒಂದು ಬಲ್ಬು ಹೊತ್ತಿಸಿತು, ಎರಡು ಹೊತ್ತಿಸಿತು. ಮೂರನೆಯದು ಸೇರಿಸಿದಾಗ ಓಲ್ಟೇಜು ಅಳೆಯಲು ಇಟ್ಟಿದ್ದ ಮೀಟರಿನ ಅಂಕಿ ಹನ್ನೆರಡರಿಂದ ಸರಸರನೆ ಇಳಿದು, ಬಲ್ಬುಗಳೆಲ್ಲ ಮಂಕಾಗಿ, ಫ್ಯಾನು ನಿಂತಿತು. ಹುಡುಗ ಅದನ್ನು ಪಕ್ಕಕ್ಕೆ ಸರಿಸಿ, "ಮೇಲೆ ಬರ್ದಿರೋದೆ ಒಂದು, ಒಳಗಿರೋದೆ ಒಂದು ಸಾರ್" ಅಂದ. ಎರಡನೆಯದನ್ನು ಕೈಯಲ್ಲಿ ಎತ್ತಿ ತೂಗಿ ನೋಡಿದ. ಅಪ್ಪನೂ ಇಸಿದುಕೊಂಡು ತೂಗಿ ನೋಡಿದ. ಇದು ಭಾರವಾಗಿತ್ತು. ಮೂರು ಬಲ್ಬಿಗೂ ಜಗ್ಗಲಿಲ್ಲ, ನಾಲ್ಕಕ್ಕೂ ಜಗ್ಗಲಿಲ್ಲ. ಕೋಣೆಯೆಲ್ಲ ಬೆಳಕೂ ಸೆಖೆಯೂ ತುಂಬಿಕೊಂಡಿತು. ಹುಡುಗ ಹತ್ತು ಹತ್ತು ನಿಮಿಷಕ್ಕೆ ಮೀಟರು ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಹಣೆಯಿಂದ ಬೆವರು ಇಳಿಯುತ್ತಿದ್ದರೂ ಕುತ್ತಿಗೆಯ ಗುಂಡಿ ಬಿಚ್ಚಲಿಲ್ಲ. ಆ ಗುಂಡಿಯನ್ನು ನೋಡುತ್ತಾ ನೋಡುತ್ತಾ ನನಗೆ ಅವನು ಇಷ್ಟವಾಗಿಬಿಟ್ಟ. ಈ ಮೆಷಿನ್ನು ಸರಿಯಾಗಿ ಓಡಲಿ ದೇವರೇ ಎಂದು, ಕಾರಿನ ಆಸೆಗಲ್ಲದೆ ಬೇರೆ ಕಾರಣಕ್ಕೆ, ಮೊದಲ ಸಲ ಕೇಳಿಕೊಂಡದ್ದು ಅಲ್ಲೇ.

ಹೊರಡುವ ಮುಂಚೆ ಡಬ್ಬಿಯ ಹಿಂಭಾಗದಲ್ಲಿ ಒಂದು ಸಣ್ಣ ಕೆಂಪು ಸ್ವಿಚ್ಚು ಕಂಡಿತು. ಅದರ ಒಂದು ಕಡೆ 230, ಇನ್ನೊಂದು ಕಡೆ 115 ಎಂದಿತ್ತು.

"ಈ ಕೆಂಪು ಸ್ವಿಚ್ಚು ಯಾತಕ್ಕೆ?" ಅಂತ ಕೇಳಿದೆ.

ಹುಡುಗ ಅಪ್ಪನ ಕಡೆ ತಿರುಗಿದ. "ಅದು ಓಲ್ಟೇಜಿಗೆ ಸಾರ್" ಅಂದ. ಇನ್ನೂ ಏನೋ ಹೇಳಲು ಬಾಯಿ ತೆರೆದವನು ನನ್ನ ಕಡೆ ಅರ್ಧ ನೋಡಿ, ಕಿವಿ ಕೆಂಪು ಮಾಡಿಕೊಂಡು, ಬಾಯಿ ಮುಚ್ಚಿದ. ಅಪ್ಪ ತಲೆಯಾಡಿಸಿದ. ನಾವು ಬಸ್ಸು ಹಿಡಿದೆವು. ನನ್ನ ಹೇರ್‌ಪಿನ್ನು ಅವನ ಮೇಜಿನ ಮೇಲೇ ಉಳಿಯಿತು.

ಮುಂದಿನ ಭಾನುವಾರ ಮೆಷಿನ್ನು ತಂದು ಜೋಡಿಸುವುದೆಂದಾಯಿತು. ಒಂದೇ ಉಪ್ಪಿಟ್ಟಿನಲ್ಲಿ ಎರಡೂ ಕೆಲಸ ಆಗಲಿ ಎಂದು ಅಪ್ಪ ಹೆಣ್ಣು ನೋಡುವ ಶಾಸ್ತ್ರವನ್ನೂ ಆವತ್ತೇ ಇಟ್ಟುಕೊಂಡ. ಹುಡುಗನ ಜೊತೆ ಅವನ ತಾಯಿ ಮತ್ತು ದೊಡ್ಡಪ್ಪ ಬಂದರು.

ಇಲ್ಲಿ ನಮ್ಮ ಮನೆಯ ಕರೆಂಟಿನ ವಿಷಯ ಹೇಳಬೇಕು. ತೋಟಗಳಿಗೆ ಮೋಟಾರು ಓಡಿಸುವ ತ್ರೀ ಫೇಸ್ ಕರೆಂಟು ಬಂದ ಕೂಡಲೇ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಓಡತೊಡಗಿ, ಮನೆಗೆ ಬರುವ ಕರೆಂಟು ಸೊರಗಿಬಿಡುತ್ತಿತ್ತು. ಬಲ್ಬು ಹಣ್ಣುಹಣ್ಣಾಗಿ, ಫ್ಯಾನಿನ ರೆಕ್ಕೆಗಳನ್ನು ಎಣಿಸಬಹುದಾಗಿತ್ತು. ಅದಕ್ಕೇ ಟೀವಿಗೆ ಕೈಯಲ್ಲಿ ತಿರುಗಿಸುವ ಒಂದು ಸ್ಟೆಬಿಲೈಸರ್ ಇಟ್ಟಿದ್ದೆವು. ಮುಂದೆ ಎಷ್ಟು ಓಲ್ಟೇಜು ಬರುತ್ತಿದೆ ಎಂದು ತೋರಿಸುವ ಮುಳ್ಳು, ಕೆಳಗೊಂದು ನಾಬು. ಓಲ್ಟೇಜು ಇಳಿದಾಗ ನಾಬನ್ನು ಒಂದು ಕಡೆ ತಿರುಗಿಸಬೇಕು. ತ್ರೀ ಫೇಸ್ ಹೋಗಿ ಮೋಟಾರು ನಿಂತಾಗ ಕರೆಂಟು ಒಮ್ಮೆಗೇ ಉಕ್ಕಿ ಬರುತ್ತದೆ, ಫ್ಯಾನು ಇದ್ದಕ್ಕಿದ್ದ ಹಾಗೆ ಜೋರಾಗುತ್ತದೆ. ಆಗ ಮನೆಯಲ್ಲಿ ಯಾರು ಏನೇ ಮಾಡುತ್ತಿದ್ದರೂ ಬಿಟ್ಟು ಓಡಿ ನಾಬನ್ನು ಹಿಂದಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಟೀವಿ ಸುಟ್ಟುಹೋಗುತ್ತದೆ. ಅವ್ವ ಹಿಟ್ಟಿನ ಕೈಯಲ್ಲೇ ಓಡಿದ್ದಾಳೆ. ಅಪ್ಪ ಅರ್ಧ ಬೋಳಿಸಿದ ಗಡ್ಡದಲ್ಲಿ ಓಡಿದ್ದಾನೆ. ನಾನಂತೂ ಅದರಲ್ಲೇ ಬೆಳೆದವಳು.

ಹುಡುಗ ಹಜಾರದಲ್ಲಿ, ಟೀವಿಯ ಪಕ್ಕದ ಮೇಜಿನ ಮೇಲೆ ಮೆಷಿನ್ನು ಜೋಡಿಸಿ ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ. ಸ್ಟೆಬಿಲೈಸರಿನ ಮುಳ್ಳು ನೋಡಿ, "ಓಲ್ಟೇಜು ಸಾಲ್ದು ಸಾರ್. ಮೋಟಾರು ನಿಂತ್ಮೇಲೆ ಆನ್ ಮಾಡ್ತೀನಿ" ಎಂದು ಹೇಳಿ ಎಲ್ಲರ ಜೊತೆ ಜಗಲಿಗೆ ಉಪ್ಪಿಟ್ಟು ತಿನ್ನಲು ಹೋದ.

ನಾನು ಕೋಣೆಯಿಂದ ಮೆಲ್ಲಗೆ ಹೊರಗೆ ಬಂದೆ. ನನ್ನ ಮೆಷಿನ್ನು ಅಲ್ಲಿ ಕೂತಿದೆ, ನಾನು ಉಪ್ಪಿಟ್ಟು ಮುಗಿಯುವವರೆಗೆ ಕಾಯಬೇಕಂತೆ. ಒತ್ತಿ ನೋಡಿದೆ. ಬರಲಿಲ್ಲ. ಮುಳ್ಳು ನೂರಾ ನಲವತ್ತರ ಹತ್ತಿರ ಆಡುತ್ತಿತ್ತು. ಹಿಂದೆ ಬಗ್ಗಿ ನೋಡಿದರೆ ಅದೇ ಕೆಂಪು ಸ್ವಿಚ್ಚು, 230ರ ಕಡೆಗಿದೆ. ನೂರಾ ನಲವತ್ತಕ್ಕೆ ಯಾವುದು ಹತ್ತಿರ? ನೂರಾ ಹದಿನೈದು. ಓಲ್ಟೇಜಿಗೆ ಅಂತ ಅವನೇ ಹೇಳಿದ್ದಾನಲ್ಲ, ಇದು ಟೀವಿಯ ನಾಬಿನ ತಮ್ಮನೇ ಎಂದುಕೊಂಡೆ. ಉಗುರಿನಿಂದ 115ರ ಕಡೆಗೆ ಸರಿಸಿ ಗುಂಡಿ ಒತ್ತಿದೆ. ಮೆಷಿನ್ನು ಗುಯ್ಯೆಂದಿತು, ಪರದೆ ಬೆಳಗಿತು. ಅಷ್ಟು ಹೆಮ್ಮೆ ನನಗೆ ಡಿಗ್ರಿ ಪಾಸಾದಾಗಲೂ ಆಗಿರಲಿಲ್ಲ. ಆರಿಸಿ ಕೋಣೆಗೆ ಓಡಿದೆ. ಹುಡುಗನಿಗೆ ಹೇಳಬೇಕು ಅನ್ನಿಸಿತು. ಆದರೆ ಹೆಣ್ಣು ನೋಡುವ ದಿನ ಹೆಣ್ಣು ತಾನಾಗಿ ಹೋಗಿ ಗಂಡಿನ ಜೊತೆ ಮಾತಾಡುವುದು ನಮ್ಮಲ್ಲಿ ಇರಲಿಲ್ಲ. ಅವನಿಗೆ ದೊಡ್ಡಪ್ಪ ಹೇಳಿಕೊಟ್ಟದ್ದನ್ನೇ ನನಗೆ ಅವ್ವ ಹೇಳಿಕೊಟ್ಟಿದ್ದಳು.

ನಾನು ಕಾಫಿಯ ತಟ್ಟೆ ಹಿಡಿದು ಹಜಾರಕ್ಕೆ ಬಂದಾಗ ಹುಡುಗನ ದೊಡ್ಡಪ್ಪ, "ಆನ್ ಮಾಡ್ಲಾ, ನೋಡನ" ಅನ್ನುತ್ತಿದ್ದರು.

"ಓಲ್ಟೇಜು ಇಲ್ಲ ದೊಡ್ಡಪ್ಪ."

"ಸುಮ್ನ ಒತ್ಲಾ. ಬಂದ್ರ ಬತ್ತದ, ಇಲ್ದಿದ್ರ ಇಲ್ಲ."

ಹುಡುಗ ಬಾರದು ಎಂದುಕೊಂಡೇ ಒತ್ತಿದ. ಬಂತು. ಒಂದು ಕ್ಷಣ ಪರದೆಯನ್ನು ಪಿಳಿಪಿಳಿ ನೋಡಿದ. ಆಮೇಲೆ ನಿಧಾನವಾಗಿ ಅವನ ಎದೆ ಮುಂದಕ್ಕೆ ಬಂತು.

"ಟೆಸ್ಟ್ ಮಾಡಿರೋ ಮಾಲು ಸಾರ್. ನೂರಾ ನಲ್ವತ್ರಲ್ಲೂ ಓಡ್ತದೆ."

ಅಪ್ಪ ನೆಂಟರ ಕಡೆ ನೋಡಿ ಮೀಸೆಯಲ್ಲೇ ನಕ್ಕ. ಹುಡುಗನ ತಾಯಿ ಅವ್ವನ ಕಡೆ ನೋಡಿದರು. ದೊಡ್ಡಪ್ಪ ಕಾಫಿ ಎತ್ತಿಕೊಂಡರು. ನಾನು ತಲೆ ತಗ್ಗಿಸಿ ನಿಂತು, ಈ ಮೆರವಣಿಗೆಯಲ್ಲಿ ಅರ್ಧ ನನ್ನದು ಕಣಯ್ಯ ಎಂದು ಮನಸ್ಸಿನಲ್ಲೇ ಅವನಿಗೆ ಹೇಳುತ್ತಿದ್ದೆ.

ಆಗ ಫ್ಯಾನು ಜೋರಾಯಿತು.

ನೆಂಟರಿಗೆ ತಂಪಾಯಿತು. ದೊಡ್ಡಪ್ಪ, "ಆಹಾ" ಅಂದರು. ಅಪ್ಪ ಮಾತ್ರ ಕೂತಲ್ಲಿಂದ ಚಂಗನೆ ಎದ್ದು, ದೊಡ್ಡಪ್ಪನ ಕಾಲು ದಾಟಿ, ಟೀವಿಯ ನಾಬು ಹಿಡಿದು ತಿರುಗಿಸಿದ. ನನ್ನ ಕಾಲೂ ತಾನಾಗಿಯೇ ಎದ್ದಿತು. ಒಂದು ಹೆಜ್ಜೆ ಇಟ್ಟೆ. ಅಡುಗೆಮನೆಯ ಬಾಗಿಲಿನಿಂದ ಅವ್ವ ಕಣ್ಣು ದೊಡ್ಡದು ಮಾಡಿದಳು. ರೇಷ್ಮೆ ಸೀರೆ, ಕೈಯಲ್ಲಿ ತಟ್ಟೆ, ಎದುರಿಗೆ ಗಂಡಿನ ಕಡೆಯವರು. ಹೆಣ್ಣು ಓಡಬಾರದು. ನಿಂತೆ. ಅಷ್ಟರಲ್ಲಿ ಮೆಷಿನ್ನಿನ ಹಿಂದಿನಿಂದ ಢಮ್ ಅಂತು.

ದೊಡ್ಡಪ್ಪನ ಕಾಫಿ ಪಂಚೆಯ ಮೇಲಾಯಿತು. ಹೊಗೆ ಸುರುಳಿ ಸುರುಳಿಯಾಗಿ ಮೇಲೆದ್ದು ಫ್ಯಾನಿಗೆ ಸಿಕ್ಕಿ ಎಲ್ಲರಿಗೂ ಸಮನಾಗಿ ಹಂಚಿಕೆಯಾಯಿತು. ಅಪ್ಪ ಮೊದಲು ನೋಡಿದ್ದು ಟೀವಿಯನ್ನು. ಅದು ಕ್ಷೇಮವಾಗಿತ್ತು.

"ಇದೇನ್ಲಾ, ದೀಪಾವಳೀನೇ ಮಾಡ್ಬುಟ್ಟಲ್ಲ" ಅಂದರು ದೊಡ್ಡಪ್ಪ, ಪಂಚೆ ಒದರುತ್ತಾ.

ಹುಡುಗ ಪ್ಲಗ್ಗು ಕಿತ್ತು, ಮೆಷಿನ್ನನ್ನು ತಿರುಗಿಸಿ ಹಿಂಭಾಗ ನೋಡಿದ. ನೋಡಿದವನು ಹಾಗೇ ನಿಂತ. ಕೆಂಪು ಸ್ವಿಚ್ಚು 115ರ ಕಡೆಗಿರುವುದು ಅವನಿಗೆ ಕಂಡಿತ್ತು. ತಲೆಯೆತ್ತಿ ಒಮ್ಮೆ ನಮ್ಮಪ್ಪನನ್ನು, ಇನ್ನೂ ಟೀವಿಯ ನಾಬಿನ ಮೇಲೇ ಇದ್ದ ಅವನ ಕೈಯನ್ನು ನೋಡಿದ. ಸ್ವಿಚ್ಚಿನ ಬಗ್ಗೆ ಅವನು ಹೇಳಿದ್ದು ಅಪ್ಪನಿಗೆ ತಾನೇ? ತಿರುಗಿಸಿದವನು ಅಪ್ಪನೇ ಎಂದು ತೀರ್ಮಾನಿಸಿದ್ದು ಅವನ ಮುಖದಲ್ಲೇ ಕಾಣುತ್ತಿತ್ತು. ಯಾರಿಗೂ ಕಾಣದ ಹಾಗೆ ಹೆಬ್ಬೆರಳಿನಿಂದ ಸ್ವಿಚ್ಚನ್ನು ಮತ್ತೆ 230ಕ್ಕೆ ಸರಿಸಿದ. ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ ನನಗೆ ಮಾತ್ರ ಅದು ಕಂಡಿತು.

"ಸಪ್ಲೈ ಸರಿ ಇರ್ಲಿಲ್ಲ ಸಾರ್. ನಂದೇ ತಪ್ಪು. ಬೇರೆ ತಂದು ಹಾಕ್ತೀನಿ" ಅಂದ.

ಅಪ್ಪನ ಮುಖ ಇಳಿದುಹೋಯಿತು. ಮುರಿದು ನೋಡಿದ ಕೊಂಬಿನಲ್ಲಿ ಹುಳ ಕಂಡಾಗ ಹೀಗೇ ಆಗುತ್ತಿತ್ತು. "ಆಗ್ಲಿ ಬುಡಪ್ಪ" ಅಂದ. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ ಮೆತ್ತಗೆ, "ನಾವು ಯೋಳಿ ಕಳಿಸ್ತೀವಿ" ಅಂದ.

ಹೆಣ್ಣು ನೋಡಿದ ಮನೆಯಲ್ಲಿ ಆ ಮಾತಿನ ಅರ್ಥ ಏನೆಂದು ಗೊತ್ತಿಲ್ಲದವರು ಯಾರಿದ್ದಾರೆ? ಹುಡುಗನ ತಾಯಿ ಸೆರಗು ಸರಿಮಾಡಿಕೊಂಡರು. ದೊಡ್ಡಪ್ಪ ಚಪ್ಪಲಿ ಎಲ್ಲಿದೆ ಎಂದು ಬಾಗಿಲ ಕಡೆ ನೋಡಿದರು. ಒಂದು ಭಾನುವಾರವೆಲ್ಲ ಬೆವರು ಸುರಿಸಿ ಆರಿಸಿದ ಡಬ್ಬಿಯನ್ನು ತನ್ನ ಬಾಯಲ್ಲೇ ಕೆಟ್ಟದ್ದು ಅಂದವನು ತಲೆ ತಗ್ಗಿಸಿಕೊಂಡು ವೈರು ಸುತ್ತುತ್ತಿದ್ದ. ಇನ್ನು ಎರಡು ನಿಮಿಷ ಮರ್ಯಾದೆಯಾಗಿ ನಿಂತರೆ ಇವನು ಬಸ್ಸು ಹತ್ತಿಬಿಡುತ್ತಾನೆ ಎಂಬುದು ಸ್ಪಷ್ಟವಾಗಿತ್ತು.

ತಟ್ಟೆಯನ್ನು ಟೀವಿಯ ಮೇಲಿಟ್ಟೆ. "ಅಪ್ಪ, ಸಪ್ಲೈ ಸರಿಯಾಗೇ ಇತ್ತು. ಹಿಂದಿನ ಕೆಂಪು ಸ್ವಿಚ್ಚ ತಿರುಗ್ಸಿದ್ದು ನಾನು."

"ಸುಮ್ನಿರಮ್ಮಿ" ಅಂದಳು ಅವ್ವ ಒಳಗಿನಿಂದ.

"ಇಲ್ಲ ಕಣವ್ವ. ನೀವೆಲ್ಲ ಉಪ್ಪಿಟ್ಟು ತಿಂತಿದ್ದಾಗ ತಿರುಗ್ಸಿದೆ. ಅದ್ಕೇ ಆವಾಗ ಓಡ್ತು. ಫ್ಯಾನ್ ಜೋರಾದಾಗ ಓಡ್ಬಂದು ಹಿಂದಕ್ಕ ಹಾಕ್ಬೇಕಿತ್ತು, ನೀ ಕಣ್ ಬುಟ್ಟೆ, ನಿಂತ್ಬುಟ್ಟೆ. ಇನ್ನೊಂದು ವಿಷ್ಯ. ಈ ಮೆಷಿನ್ನು ಟೈಪಿಂಗ್‌ಗಲ್ಲ, ಕಾರ್ ರೇಸ್ ಆಡಕ್ಕ. ಆಡೋಳು ನಾನೇ."

ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲವೂ ಬಂದುಬಿಡುತ್ತದೆ, ಏನು ಮಾಡುವುದು. ಹುಡುಗ ವೈರು ಸುತ್ತುವುದನ್ನು ನಿಲ್ಲಿಸಿದ.

"ಸಾರ್..." ಎಂದು ಅಭ್ಯಾಸಬಲದಿಂದ ಅಪ್ಪನ ಕಡೆ ತಿರುಗಿದ. ಅಲ್ಲಿಗೇ ನಿಲ್ಲಿಸಿದ. ಕುತ್ತಿಗೆಯ ಗುಂಡಿಗೆ ಕೈ ಹಾಕಿ ಬಿಚ್ಚಿದ. ಆಮೇಲೆ ನನ್ನ ಕಡೆ ತಿರುಗಿ, ಮೊದಲ ಸಲ ನನ್ನ ಮುಖ ನೋಡಿ ಕೇಳಿದ.

"ಮುಳ್ಳು ಎಷ್ಟ್ರಲ್ಲಿತ್ತು?"

"ನೂರಾ ನಲ್ವತ್ತು."

"ಅಂಗಾದ್ರೆ ನೀವು ಯೋಚ್ನೆ ಮಾಡಿದ್ದು ಸರಿಯಾಗೇ ಇದೆ. ನಾನು ನಾಲ್ಕು ಬಲ್ಬಿನ ಭಾರ ಹೊರಿಸಿ ನೋಡ್ದೆ, ನಿಮ್ಮನೆ ಕರೆಂಟು ಹೆಂಗೆ ಅಂತ ಕೇಳ್ಲೇ ಇಲ್ಲ. ಆವತ್ತು ಅಂಗ್ಡೀಲಿ ಈ ಸ್ವಿಚ್ಚು ಯಾತಕ್ಕೆ ಅಂತ ಕೇಳಿದ್ದು ನೀವು. ನಾನು ನಿಮ್ಮಪ್ಪಾರಿಗೆ ಅರ್ಧ ಹೇಳ್ಬುಟ್ಟು ಸುಮ್ನಾದೆ. ಇಲ್ಲಿ ಬನ್ನಿ, ಪೂರ್ತಿ ಹೇಳ್ತೀನಿ."

ಹೋಗಿ ಪಕ್ಕದಲ್ಲಿ ಕೂತೆ. ಅವನು ಸುಟ್ಟ ಡಬ್ಬಿಯನ್ನು ಮೆಷಿನ್ನಿನಿಂದ ಬಿಚ್ಚಿಟ್ಟು, ಜೇಬಿನಿಂದ ನನ್ನದೇ ಹೇರ್‌ಪಿನ್ನು ತೆಗೆದು, ಅದರ ತುದಿಯಿಂದ ತೋರಿಸುತ್ತಾ, ಈ ಸ್ವಿಚ್ಚು ಬೇರೆ ದೇಶದ ಕರೆಂಟಿಗೆ ಮಾಡಿದ್ದು, ನಮ್ಮಲ್ಲಿ ಅದನ್ನು ಮುಟ್ಟುವ ಹಾಗೇ ಇಲ್ಲ, ಯಾಕೆ ಮುಟ್ಟಬಾರದು, ಮುಟ್ಟಿದರೆ ಒಳಗೆ ಯಾವುದು ಹೇಗೆ ಸಿಡಿಯುತ್ತದೆ ಎಂದು ಹೇಳಿದ. ನಾನು ನಡುನಡುವೆ ಪ್ರಶ್ನೆ ಕೇಳಿದೆ. ಅವನು ನನಗೇ ಉತ್ತರ ಕೊಟ್ಟ. ಎರಡು ಕಡೆಯ ಹಿರಿಯರೂ ಹದಿನೈದು ನಿಮಿಷ ನಮ್ಮ ಬೆನ್ನುಗಳನ್ನು ನೋಡುತ್ತಾ ಕೂತಿದ್ದರು.

"ಕಾರ್ ರೇಸಾ?" ಅಂದರು ಹುಡುಗನ ತಾಯಿ ಕೊನೆಗೆ, ಯಾರನ್ನೂ ನೋಡದೆ. "ಓಗ್ಲಿ ಬುಡಿ, ಇವನ್ಗೂ ಅಂಗೇ ಬಲ್ಬಿನ್ ಗೀಳು."

ಅಪ್ಪ ಎದ್ದು ಬಂದು ಸುಟ್ಟ ಡಬ್ಬಿಯನ್ನು ಕೈಯಲ್ಲಿ ಹಿಡಿದು ತೂಗಿದ, ಮೂಸಿ ನೋಡಿದ, ಕೆಳಗಿಟ್ಟ. ನಮ್ಮಿಬ್ಬರನ್ನೂ ಒಂದಷ್ಟು ಹೊತ್ತು ನೋಡಿದ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ ಅವ್ವನಿಗೆ ಹೇಳಿದ್ದು ನನಗೆ ಕೇಳಿಸಿತು.

"ಒಳ್ಗ ಬಣ್ಣ ಅದ ಕಣ. ಎಲೆ ಅಡ್ಕ ತಕ್ಕೊಂಡ್ ಬಾ."

ಹೇಳಿ ಕಳಿಸುವ ಅಗತ್ಯ ಬೀಳಲಿಲ್ಲ.